ಓದಿ ಹೇಳದೆ ಹೋದ ಸುದ್ದಿ

ಹುಣಸೂರಿನ ಶಿವಶಂಕರ ಇಪ್ಪತ್ತಾರು ವರ್ಷದಿಂದ ಮೈಸೂರಿನ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುವವನು. ಚಿನ್ನದಂಥ ಮನುಷ್ಯ, ಐವತ್ತು ದಾಟಿದರೂ ಮಗುವೇ. ಜೇಬಿಗೆ ಶಾಯಿ ಸೋರಿಸಿಕೊಂಡು ಬಂದು ಹೆಂಡತಿ ರಾಣಿಯ ಕೈಲಿ ಬೈಸಿಕೊಳ್ಳುತ್ತಿದ್ದ. ರಾಣಿಯ ಕೋಪವೂ ಅಷ್ಟೇ, ಮುದ್ದೆ ಬಡಿಸುವಷ್ಟರಲ್ಲಿ ಇಳಿದಿರುತ್ತಿತ್ತು. ಇರಲಿ, ಹೇಳಬೇಕಾದ್ದು ಅವನ ಅಭ್ಯಾಸದ ಮಾತು. ಸುದ್ದಿಯಲ್ಲಿ ಯಾರ ಹೆಸರಿದೆಯೋ ಅವರೆದುರು ಕೂತು ಓದಿ ಹೇಳಿ, ಅವರು ಹೂಂ ಅಂದ ಮೇಲೆಯೇ ಕಳಿಸುವುದು.

ವೀರನಹೊಸಹಳ್ಳಿ ಬಳಿಯ ಕಾಡಂಚಿನ ಆದಿವಾಸಿ ಹಾಡಿಯ ಮುತ್ತನಿಗೆ ಜಮೀನಿನ ಹಕ್ಕುಪತ್ರ ಸಿಕ್ಕಿದಾಗಲೂ ಹಾಗೇ ಓದಿ ಹೇಳಿದ್ದ. ಪತ್ರ ಹಿಡಿದು ನಿಲ್ಲಿಸಿ ಫೋಟೋನೂ ತೆಗೆದಿದ್ದ.

ಈ ವರ್ಷ ಕಚೇರಿಯವರು ವೆಬ್‌ಸೈಟಿನ ಸುದ್ದಿ ಬರೆಯುವುದನ್ನು ಕಂಪ್ಯೂಟರಿಗೆ ವಹಿಸಿದರು. ವಾಟ್ಸಾಪಿನಲ್ಲಿ ಎರಡು ಸಾಲು ಬಂದರೆ ಸಾಕು, ತಾನೇ ಸುದ್ದಿ ಹೆಣೆದು, ತಾನೇ ಹಳೇ ಫೋಟೋ ಹುಡುಕಿ ಅಂಟಿಸುತ್ತದೆ. ಹಾಗೇ ಒಂದು ದಿನ ಜಿಂಕೆ ಬೇಟೆಯ ಸುದ್ದಿ ಹೆಣೆಯಿತು. ಜಿಂಕೆ ಹೊಡೆದು ಸಿಕ್ಕಿಬಿದ್ದವನು ಇನ್ನೆಲ್ಲಿಯದೋ ಊರಿನ ಬೇರೊಬ್ಬ ಮುತ್ತ. ಹಾಕಿದ್ದು ಮಾತ್ರ ಈ ಮುತ್ತನ ಫೋಟೋ. ಕೆಳಗೆ ತೆಗೆದವನೆಂದು ಶಿವಶಂಕರನ ಹೆಸರು.

ಹೊಗೆಸೊಪ್ಪು ಮುರಿಯುವ ಕಾಲ. ವರ್ಷವರ್ಷವೂ ಮುತ್ತನನ್ನು ಮೊದಲು ಕರೆಯುತ್ತಿದ್ದ ಸೊಪ್ಪು ಒಣಗಿಸುವ ಬ್ಯಾರನ್ನಿನ ಮಾಲೀಕ ಮಂಟಯ್ಯ ಈ ಸಲ ಸದ್ಯಕ್ಕೆ ಬೇಡ ಎಂದು ಹೇಳಿಕಳಿಸಿದ. ಶಿವಶಂಕರ ಕಚೇರಿಗೆ ಫೋನು ಹಚ್ಚಿದ. ಸುದ್ದಿ ತೆಗೆದರು, ಆದರೆ ಅಷ್ಟರಲ್ಲಿ ಅದು ಊರೂರಿನ ಫೋನಿಗೆ ಹೋಗಿತ್ತು. ತಿದ್ದುಪಡಿ ಹಾಕಿ ಎಂದು ಅಂಗಲಾಚಿದರೆ ವೆಬ್‌ಸೈಟು ನೋಡಿಕೊಳ್ಳುವ ಮಹೇಶ್‌ಕುಮಾರ್ ನಕ್ಕ: "ಈಗ ಹಾಕಿದ್ರೆ ನೋಡ್ದೇ ಇರೋರೂ ನೋಡ್ತಾರೆ ಶಿವಶಂಕರ್."

ಪಾಪ, ಶಿವಶಂಕರ ತಾನೇ ಕಾಗದದಲ್ಲಿ ತಿದ್ದುಪಡಿ ಬರೆದು ಹಾಡಿಗೆ ಹೋಗಿ ಓದಿದ. ಮುತ್ತನ ಹೆಂಡತಿ ಕೆಂಚಿ ಒಳಗಿಂದ ಹೊರಗೆ ಬರಲಿಲ್ಲ. ಮುತ್ತ ಕೊನೆಯವರೆಗೂ ಕೇಳಿದ.

"ಇದ್ನ ನಂಗ್ಯಾಕ್ ಓದ್ತೀರಿ ಸಾ? ನಾನ್ ಹೊಡ್ದಿಲ್ಲ ಅಂತ ನಂಗ್ ಗೊತ್ತಲ್ವಾ. ಮಂಟಯ್ಯನೋರ್ಗೆ ಓದಿ."

ಹೋಗಿ ಓದಿದ. ಮಂಟಯ್ಯ ಕೂರಿಸಿ ಕಾಫಿ ಕೊಡಿಸಿದ, ಆಮೇಲೆ ತನ್ನ ಫೋನು ತೆಗೆದು ಆ ಫೋಟೋ ತೋರಿಸಿದ.

"ಇದ್ರಲ್ಲೂ ನಿನ್ ಹೆಸ್ರೇ ಅದೆ ಕಣಪ್ಪ. ನಾನ್ ಯಾವ್ದ ನಂಬ್ಲಿ ಏಳು?"

ಶಿವಶಂಕರ ಕಂಪ್ಯೂಟರಿನ ಕಥೆಯನ್ನೆಲ್ಲ ಹೇಳಿದ. ಮಂಟಯ್ಯ ತಲೆದೂಗಿದ, ಆಳುಗಳನ್ನು ಈಗಾಗಲೇ ಗೊತ್ತುಮಾಡಿ ಆಗಿದೆ ಅಂದ.

ಆ ವಾರವೇ ಮುತ್ತ, ಕೆಂಚಿ ಕೊಡಗಿನ ಕಾಫಿತೋಟಕ್ಕೆ ಆಳು ಕರೆದೊಯ್ಯುವ ಜೀಪು ಹತ್ತಿದರು. ದಾರಿಯಲ್ಲಿ ಶಿವಶಂಕರ ಬೈಕು ನಿಲ್ಲಿಸಿಕೊಂಡು ಕಾಯುತ್ತಿದ್ದ, ಹೆಗಲಲ್ಲಿ ಎಂದಿನ ಕ್ಯಾಮೆರಾ. ಮುತ್ತ ಅವನನ್ನು ನೋಡಿದ. ಟವೆಲನ್ನು ಮುಖದ ಮೇಲೆ ಎಳೆದುಕೊಂಡ.