ಬೀಗ ಹಾಕಿದ ಅಳತೆ

ಆ ನಾಲ್ಕು ಬ್ಲೌಸುಗಳನ್ನು ನಾನು ಭಾಳ ಖುಷಿಯಿಂದ ಹೊಲಿದಿದ್ದೆ. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನಾನು ಬೆಟಗೇರಿಯಲ್ಲಿ ಹೆಂಗಸರ ಬಟ್ಟೆ ಹೊಲಿಯುವವಳು. ಮನೆಯ ಮುಂದಿನ ಕೋಣೆಯೇ ಅಂಗಡಿ. ನನ್ನ ಅಕ್ಕ, ನಾವು ಕರೆಯುವ ಹಾಗೆ ಆಪಾ, ಮುಂಡರಗಿಯಲ್ಲಿದ್ದಾಳೆ. ಅಲ್ಲಿ ಅವಳು ಅಳತೆ ತೆಗೆದು ಬಟ್ಟೆಯನ್ನು ಗದಗಿನ ಬಸ್ಸಿಗೆ ಹಾಕಿ ಕಳಿಸುತ್ತಾಳೆ. ಇಲ್ಲಿ ನಾನು ಕತ್ತರಿಸಿ, ಹೊಲಿದು, ತಿರುಗಿ ಕಳಿಸುತ್ತೇನೆ. ಕತ್ತರಿ ಹಿಡಿಯುವುದೆಂದರೆ ಆಪಾಗೆ ಮೊದಲಿನಿಂದಲೂ ಅಂಜಿಕೆ. ಮಂದಿಯ ಜೊತೆ ಮಾತಾಡುತ್ತ ಕೂಡುವ ತಾಳ್ಮೆ ನನಗಿಲ್ಲ. ಹಾಗಾಗಿ ಈ ಹಂಚಿಕೆ ಇಬ್ಬರಿಗೂ ಸರಿಹೋಗಿತ್ತು.

ತೊಂದರೆ ಇದ್ದದ್ದು ಅಳತೆಯನ್ನು ಊರಿಂದೂರಿಗೆ ಮುಟ್ಟಿಸುವುದರಲ್ಲಿ. ಆಪಾ ಫೋನಿನಲ್ಲಿ ಹೇಳುವಳು, ನಾನು ಬರೆದುಕೊಳ್ಳುವೆ. ಇತ್ತ ಮಷಿನ್ ಸಪ್ಪಳ, ಅತ್ತ ಅವಳ ಓಣಿಯ ಗದ್ದಲ. ಅವಳು ಹದಿನೈದು ಅಂದದ್ದು ನನಗೆ ಹದಿನಾರು ಕೇಳಿಸಿ, ಎಷ್ಟೋ ಹೊಲಿಗೆ ಬಿಚ್ಚಿದ್ದೇನೆ. ಗದಗಿನ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ನನ್ನ ಗಿರಾಕಿಯೊಬ್ಬರು ಒಂದು ದಿನ ಇದನ್ನು ಕೇಳಿ ನಕ್ಕರು. ನನ್ನ ಫೋನ್ ಇಸಿದುಕೊಂಡು ಟಿಪ್ಪಣಿ ಬರೆಯುವ ಆ್ಯಪ್ ಒಂದನ್ನು ಹಾಕಿಕೊಟ್ಟರು. "ಅಲ್ಲಿ ನಿಮ್ಮಕ್ಕಾರು ಬರದ್ರ ಇಲ್ಲಿ ನಿಮಗ ಕಾಣ್ತದ. ಮುಗೀತು," ಅಂದರು. ಆ 'ಮುಗೀತು' ಎಂಬ ಮಾತನ್ನು ನಾನು ನಂಬಿದೆ.

ಆಷಾಢದಲ್ಲಿ ಮದುವೆಗಳಿಲ್ಲ, ಕೆಲಸ ಕಡಿಮೆ. ನಮ್ಮ ಅಬ್ಬಾ, ಅಂದರೆ ತಂದೆ, ಲಕ್ಷ್ಮೇಶ್ವರದಲ್ಲಿ ಟೇಲರ್ ಆಗಿದ್ದವರು. ಅಳತೆ ಬರೆಯುವ ಪದ್ಧತಿಯನ್ನು ಇಬ್ಬರಿಗೂ ಅವರೇ ಕಲಿಸಿದ್ದು: ಉದ್ದ, ಭುಜ, ಎದೆ, ಸೊಂಟ, ತೋಳು, ಈ ಕ್ರಮದಲ್ಲಿ ಒಂದರ ಕೆಳಗೊಂದು ಬರೇ ಅಂಕಿ, ಅಂಕಿಯ ಮುಂದೊಂದು ಚುಕ್ಕಿ. ನನ್ನ ವಹಿಯಲ್ಲಿದ್ದ ಅಳತೆಗಳನ್ನೆಲ್ಲ ನಾನು ಆ ತಿಂಗಳು ಕೂತು ಆ್ಯಪಿಗೆ ಏರಿಸಿದೆ. ಆಪಾ ಹೊಸ ಗಿರಾಕಿಗಳದನ್ನು ಬರೆದು ಕಳಿಸತೊಡಗಿದಳು. ಮೊದಲ ಅಳತೆ ತೆರೆದು ನೋಡಿದವಳೇ ಅವಳಿಗೆ ಫೋನ್ ಹಚ್ಚಿದೆ.

"ಆಪಾ, ಇದು ಯಾರ ಅಳತಿ? ಎದಿ ಹದಿನಾರು, ತೋಳು ಹದಿನೆಂಟು! ಗೊಂಬಿಗೆ ಹೊಲೀಬೇಕೇನು?"

"ಮೂವತ್ತಾರು ಅಂತ ಬರದೀನಿ ನಾ. ಮೊದಲ ನಿನ್ನ ಕಣ್ಣು ತೋರಿಸ್ಕೊ."

ನಮ್ಮ ಮನೆಮಾತು ಉರ್ದು. ಆದರೆ ಅಕ್ಕತಂಗಿಯರ ಜಗಳ ಮಾತ್ರ ಯಾಕೋ ಕನ್ನಡದಲ್ಲೇ ನಡೆಯುತ್ತದೆ. ಅವತ್ತು ಅರ್ಧ ತಾಸು ಕನ್ನಡ ಮಾತಾಡಿದೆವು. ಕೊನೆಗೆ ತಿಳಿದದ್ದು ಇಷ್ಟು: ಅಂಕಿಯ ಮುಂದೆ ಚುಕ್ಕಿ ಕಂಡರೆ ಆ್ಯಪ್ ಅದನ್ನು ಪಟ್ಟಿ ಎಂದುಕೊಳ್ಳುತ್ತದೆ. ಮೊದಲನೆಯದು ಹದಿನಾಲ್ಕಾದರೆ ಎರಡನೆಯದು ಹದಿನೈದು, ಆಮೇಲೆ ಹದಿನಾರು, ಹದಿನೇಳು ಎಂದು ತಾನೇ ಎಣಿಸಿ ಕೂಡಿಸುತ್ತದೆ. ನಾವು ಬರೆದದ್ದು ತಪ್ಪು, ಅದು ತಿದ್ದಿದ್ದು ಸರಿ! ಅದಕ್ಕೇನು ಗೊತ್ತು, ಹೆಂಗಸಿನ ಮೈ ಮಗ್ಗಿಯಲ್ಲ ಎಂದು?

ನಾನು ಏರಿಸಿದ್ದವನ್ನೂ ತಿರುಗಿ ನೋಡದೆ ಬಿಟ್ಟಿದ್ದೆ, ಎಲ್ಲ ತಿದ್ದಿದೆ. ಚುಕ್ಕಿ ಬಿಟ್ಟೆವು. ಪ್ರತಿ ಅಂಕಿಯ ಹಿಂದೆ ಒಂದು ಅಕ್ಷರ ಹಾಕತೊಡಗಿದೆವು: ಉದ್ದಕ್ಕೆ ಉ, ಎದೆಗೆ ಎ. ಆಮೇಲೆ ಅರ್ಧ ಇಂಚು, ಪಾವು ಅಂದರೆ ಕಾಲು ಇಂಚುಗಳ ಕಾಟ ಶುರುವಾಯಿತು. ಹದಿನಾಲ್ಕರ ಮುಂದೆ ಓರೆ ಗೀಟು ಎಳೆದು ಎರಡು ಬರೆದರೆ ನಮ್ಮಲ್ಲಿ ಹದಿನಾಲ್ಕೂವರೆ, ಅಂದರೆ ಮೇಲೆ ಎರಡು ಪಾವು. ಆ್ಯಪಿಗೆ ಅದು ತಾರೀಖು. 'ನೆನಪಿಸಲೇ?' ಎಂದು ಕೇಳುತ್ತಿತ್ತು. ಆಪಾ ಏನೋ ಒತ್ತಿಬಿಟ್ಟು, ಯಾರದೋ ಭುಜದ ಅಳತೆ ಒಂದು ದಿನ ಗಂಟೆ ಬಾರಿಸಿತು. ಅಂಕಿ ಬಿಟ್ಟು 'ಹದಿನಾಕೂವರಿ' ಎಂದು ಅಕ್ಷರದಲ್ಲೇ ಬರೆಯತೊಡಗಿದೆವು. ಇನ್ನು ಹುಡುಕುವುದಂತೂ ಬೇರೆಯೇ ಕಥೆ. ನಾನು 'ಅಕ್ಕೋರು' ಎಂದು ಬರೆದಿದ್ದರೆ ಆಪಾ 'ಅಕ್ಕಾರು' ಎಂದು ಹುಡುಕುವಳು, ಸಿಗುತ್ತಿರಲಿಲ್ಲ. ಹೀಗಾಗಿ ಪ್ರತಿ ಟಿಪ್ಪಣಿಯ ಬುಡದಲ್ಲಿ ಒಂದೇ ಹೆಸರನ್ನು ಎರಡು ಮೂರು ಥರ ಬರೆದಿಡುವ ರೂಢಿ ಮಾಡಿಕೊಂಡೆವು. ಕೆಲಸ ಹಗುರಾಗಲಿ ಎಂದು ತಂದದ್ದಕ್ಕೆ ದಿನಕ್ಕೊಂದು ಹೊಸ ಕೆಲಸ.

ಅಕ್ಕೋರು ಎಂದೆನಲ್ಲ, ಅಂದರೆ ಟೀಚರು, ಅವರ ವಿಷಯಕ್ಕೇ ಬರುತ್ತೇನೆ. ಡೋಣಿಯ ಶಾಲೆಯಲ್ಲಿ ಕಲಿಸುತ್ತಾರೆ, ಮನೆ ಮುಂಡರಗಿಯಲ್ಲಿ. ಬಹಳ ವರ್ಷಗಳಿಂದ ನಮ್ಮಲ್ಲೇ ಹೊಲಿಸುವವರು. ಬೆನ್ನ ಹಿಂದೆ ಹುಕ್ಕು, ಕೊರಳು ಅಗಲ, ತೋಳು ಮೊಣಕೈ ತನಕ. ಅವರದನ್ನು ಕಣ್ಣು ಮುಚ್ಚಿ ಕತ್ತರಿಸಬಲ್ಲೆ ಎಂದು ನನಗೊಂದು ಜಂಬವೂ ಇತ್ತು. ಒಂದಷ್ಟು ತಿಂಗಳು ಅವರ ಬಟ್ಟೆ ಬರಲಿಲ್ಲ. ರಜೆಯಲ್ಲಿದ್ದಾರೆ, ಆರಾಮಿಲ್ಲ ಎಂದಷ್ಟೇ ಆಪಾ ಹೇಳಿದ್ದಳು. ಆಮೇಲೊಂದು ದಿನ ಬಸ್ಸಿನಲ್ಲಿ ನಾಲ್ಕು ಬ್ಲೌಸಿನ ಬಟ್ಟೆ ಬಂತು. ಮೂರು ಕಾಟನ್, ಒಂದು ರೇಷ್ಮೆ. "ಸೋಮವಾರ ಶಾಲಿಗೆ ಹೊಳ್ಳಿ ಹೊಂಟಾರ. ಜಲ್ದಿ ಮಾಡು. ಎಲ್ಲಾ ಅದರಾಗ ಬರದೀನಿ, ನೋಡ್ಕೊ," ಎಂದು ಆಪಾ ಫೋನಿಟ್ಟಳು. ಹಿಂದೆ ಯಾರೋ ಕೂತಿದ್ದರು ಕಾಣುತ್ತದೆ, ಅವಳ ದನಿ ಸಣ್ಣದಾಗಿತ್ತು.

ನಾನು ತೆರೆದೆ. ಅಕ್ಕೋರ ಟಿಪ್ಪಣಿ ಇತ್ತು, ಅಳತೆ ಹಳೆಯದೇ. ಬದಲಾಗಿಲ್ಲ ಎಂದುಕೊಂಡೆ. ಅಕ್ಕೋರು ಆರಾಮಾಗಿ ಹೊಳ್ಳಿ ಶಾಲೆಗೆ ಹೊರಟಿದ್ದಾರೆಂಬ ಖುಷಿಯಲ್ಲಿ ರೇಷ್ಮೆಗೆ ಸಣ್ಣಗೆ ಅಂಚು ಕೂಡಿಸಿದೆ. ಎರಡು ದಿನದಲ್ಲಿ ನಾಲ್ಕೂ ಮುಗಿಸಿ ಬಸ್ಸಿಗೆ ಹಾಕಿದೆ.

ಗುರುವಾರ ಮಧ್ಯಾಹ್ನ ಫೋನ್ ಬಂತು.

"ನೀ ಓದೇ ಇಲ್ಲೇನ ಲೇ?" ಆಪಾ ಅಳುತ್ತಿದ್ದಳು.

"ಏನು ಓದಬೇಕಿತ್ತು?"

"ಅಕ್ಕಾರಿಗೆ ಎಡಗಡೆ ಆಪರೇಷನ್ ಆಗೇತಿ. ಎದೀದು. ತಗದಾರ. ಕೈ ಮ್ಯಾಲೆ ಎತ್ತಾಕ ಬರೂದಿಲ್ಲ ಅವರಿಗೆ. ಮುಂದ ಹುಕ್ಕು ಹಚ್ಚು, ಕಂಕಳ ಸಡಲ ಬಿಡು, ಎಡಕ್ಕೊಂದು ಬಲಕ್ಕೊಂದು ಅಳತಿ, ಒಳಗ ಮೆತ್ತನ್ನ ಅಸ್ತರ ಹಾಕು ಅಂತ ಎಲ್ಲಾ ಬರದೀನಿ. ನೀ ಹಿಂದ ಹುಕ್ಕು ಹಚ್ಚಿ ಕಳಿಸಿಯಲ್ಲ! ಒಂದು ತೋಳು ತೂರಿಸಿ ಹಂಗ ನಿಂತ್ರು. ತಗದು ಮಡಚಿ ಇಟ್ಟು ಹೋದ್ರು."

ನಾನು ಮಷಿನ್ ಬಿಟ್ಟು ಎದ್ದು ಟಿಪ್ಪಣಿ ತೆರೆದೆ. ಆಮೇಲೆ ಸಿಟ್ಟು ಬಂತು. ನನ್ನ ಫೋನಿನಲ್ಲಿ ಇದರ ಒಂದಕ್ಷರವೂ ಇಲ್ಲವಲ್ಲ! ತೆರೆದು ಮುಚ್ಚಿದೆ, ಫೋನ್ ಆರಿಸಿ ಹಚ್ಚಿದೆ, ನೆಟ್‌ವರ್ಕ್ ಇಲ್ಲವೆಂದು ಮಾಳಿಗೆ ಹತ್ತಿದೆ. ಅದೇ ಹಳೆಯ ಅಳತೆ ನನ್ನನ್ನು ನೋಡುತ್ತಿತ್ತು. ತಿರುಗಿ ಆಪಾಗೆ ಫೋನ್ ಹಚ್ಚಿದೆ. ಅವಳ ಫೋನಿನಲ್ಲಿ ಮಾತ್ರ ಹೊಸದು ಕಾಣುತ್ತಿತ್ತಂತೆ.

"ಎಲ್ಲಾರದೂ ಬರತೈತಿ, ಇದೊಂದ ಯಾಕ ಬರಲಿಲ್ಲ? ನೀ ಏನರ ಮಾಡಿದ್ಯಾ ಅದಕ?"

"ಬೀಗ ಹಾಕಿದ್ದೆ," ಅಂದಳು. "ಮನ್ಯಾಗ ಎಲ್ಲಾರೂ ನನ್ನ ಫೋನ್ ಹಿಡೀತಾರ. ಅಕ್ಕಾರ ಮೈ ವಿಷಯ, ಯಾರರ ಓದಿದ್ರ ಹೆಂಗ? ಅದರಾಗ ಬೀಗದ ಚಿತ್ರ ಇತ್ತು, ಒತ್ತಿದೆ."

ಅವಳು ಮಾಡಿದ್ದು ಮರ್ಯಾದೆಯ ಕೆಲಸ. ಆ್ಯಪಿನ ಸಹಾಯದ ಪುಟ ಪೂರಾ ಇಂಗ್ಲಿಷು. ನಾನು ಓದಿದ್ದು ಪಿಯುಸಿ ತನಕ. ಒಂದೊಂದೇ ಪದ ಬಿಡಿಸಿಕೊಂಡು ಸಾಲಿನ ಕೆಳಗೆ ಸಾಲು ಓದಿದೆ. ಬುಡದಲ್ಲಿ ಎಲ್ಲೋ ಸಣ್ಣ ಅಕ್ಷರದಲ್ಲಿ ಅದಿತ್ತು: ಬೀಗ ಹಾಕಿದ ಟಿಪ್ಪಣಿಯನ್ನು ಇನ್ನೊಬ್ಬರ ಜೊತೆ ಹಂಚಲಾಗದು, ಅದು ಹಾಕಿದವರ ಫೋನಿನಲ್ಲಷ್ಟೇ ಇರುತ್ತದೆ. ಹಾಕುವಾಗ ಒಂದು ಮಾತು ಹೇಳಬಾರದಿತ್ತೇ? ಯಾರದೋ ಭುಜಕ್ಕೆ ಗಂಟೆ ಬಾರಿಸಲು ಬರುವ ಆ್ಯಪಿಗೆ, ನಿನ್ನ ತಂಗಿಗೆ ಇನ್ನು ಇದು ಕಾಣದು ಎಂದು ಹೇಳಲು ಬಾಯಿಲ್ಲ. ದೂರು ಬರೆದೆ. ತಾಳ್ಮೆಗೆ ಧನ್ಯವಾದ ಹೇಳಿ ಒಂದು ಉತ್ತರ ಬಂತು. ನನ್ನಲ್ಲಿ ತಾಳ್ಮೆ ಎಲ್ಲಿತ್ತು!

ಬೀಗ ತೆಗೆದರೆ ಬರುತ್ತದೆ ಎಂದು ಆಪಾಗೆ ಹೇಳಬೇಕೆನ್ನುವಷ್ಟರಲ್ಲಿ ಅವಳೇ ಫೋನ್ ಮಾಡಿದಳು. ದನಿಯಲ್ಲಿ ಜೀವವಿರಲಿಲ್ಲ. ಗಾಬರಿಯಾಗಿ ಮೊಬೈಲ್ ರಿಪೇರಿ ಅಂಗಡಿಗೆ ಹೋಗಿದ್ದಳು. ಅಲ್ಲಿದ್ದಾತ ಆ್ಯಪನ್ನು ತೆಗೆದು ಹೊಸದಾಗಿ ಹಾಕಿಕೊಟ್ಟಿದ್ದ. ಮಿಕ್ಕ ಎಲ್ಲರ ಅಳತೆಗಳೂ ತಿರುಗಿ ಬಂದಿದ್ದವು. ಬೀಗ ಹಾಕಿದ್ದು ಮಾತ್ರ ಎಲ್ಲೂ ಇರಲಿಲ್ಲ.

"ಅಂಕಿ ನೆನಪದಾವೇನು?"

"ಬರದೀನಲ್ಲ ಅಂತ ಮರತುಬಿಟ್ಟೆ ಲೇ. ಏನೂ ನೆನಪಿಲ್ಲ. ಹೊಳ್ಳಿ ಅವರನ್ನ ನಿಲ್ಲಿಸಿ ಅಳಿ ಅಂದ್ರ ನನ್ನ ಕೈಲೆ ಆಗೂದಿಲ್ಲ."

ಶುಕ್ರವಾರ ಬೆಳಿಗ್ಗೆ ನಾನೇ ಮುಂಡರಗಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅಕ್ಕೋರಿಗೆ ಏನು ಹೇಳಬೇಕೆಂದು ಜೋಡಿಸಿಕೊಂಡೆ. ಆ್ಯಪು, ಟಿಪ್ಪಣಿ, ಬೀಗ ಎಂದು ಹೇಳಹೊರಟರೆ ಕೆಲಸ ಕೆಡಿಸಿದವಳು ನೆಪ ಹೇಳಿದ ಹಾಗೇ ಕೇಳುತ್ತಿತ್ತು. ಡೋಣಿ ದಾಟುವಾಗ ಕಪ್ಪತಗುಡ್ಡದ ಸಾಲಿನ ಕೆಳಗೆ ಫೋನಿನ ನೆಟ್‌ವರ್ಕ್ ಪೂರಾ ಹೋಯಿತು. ಹೋಗಲಿ ಎಂದು ಅದನ್ನು ಚೀಲದ ತಳಕ್ಕೆ ತುರುಕಿದೆ.

ಅಕ್ಕೋರು ಬಾಗಿಲು ತೆರೆದರು. ಸೊರಗಿದ್ದರು. ಕೂದಲು ಆಗ ತಾನೇ ತಿರುಗಿ ಬೆಳೆಯುತ್ತಿತ್ತು.

"ಬಾರವಾ, ಕುಂಡ್ರು. ನಿಮ್ಮಕ್ಕ ಅತ್ತು ಕರದು ಎಲ್ಲಾ ಹೇಳ್ಯಾಳ," ಅಂದರು.

ಜೋಡಿಸಿಕೊಂಡ ಮಾತೆಲ್ಲ ಮರೆತುಹೋಯಿತು. "ತಪ್ಪಾತ್ರಿ ಅಕ್ಕೋರ. ಫೋನಿನ್ಯಾಗ ಬೀಗ ಹಾಕಿದ್ರ ಅದು ನನಗ ಕಾಣೂದಿಲ್ಲಂತ ಇಬ್ಬರಿಗೂ ಗೊತ್ತಿರಲಿಲ್ರಿ," ಎಂದಷ್ಟೇ ಅಂದೆ.

"ಬೀಗ ಯಾಕ ಹಾಕಬೇಕಿತ್ತು?" ಅವರ ದನಿ ಒಮ್ಮೆಲೇ ಏರಿತು. "ಎಲ್ಲಾರೂ ನನ್ನ ಮುಂದ ಪಿಸಿಪಿಸಿ ಮಾತಾಡ್ತಾರ. ನೆರಿಯವರು ಹಂಗ, ದವಾಖಾನ್ಯಾಗೂ ಹಂಗ. ಶಾಲ್ಯಾಗ ಇನ್ನ ಹೆಂಗೋ ಏನೋ. ಜಂಪರ್ ಹೊಲಿಯೋರರ ನೆಟ್ಟಗ ಬರಕೊಂತೀರಿ ಅನಕೊಂಡಿದ್ದೆ. ನಿಮ್ಮಕ್ಕ ಅಳತಿ ತಗೊಳಾಗ ಗ್ವಾಡಿ ಕಡೆ ನೋಡತಿದ್ಲು."

ಅವರೇ ಎದ್ದು ಬಂದು ನನ್ನೆದುರು ನಿಂತರು.

"ತಗೀ ಟೇಪು. ನೋಡಿ ಅಳಿ. ನಾ ಹೇಳ್ತೀನಿ, ನೀ ಬರಿ."

ಅಳೆದೆ. ಗಾಯದ ಗೆರೆ ಕಂಕುಳಿನ ತನಕ ಹೋಗಿತ್ತು. ಎಲ್ಲಿ ಹೊಲಿಗೆ ಬಂದರೆ ಚುಚ್ಚುತ್ತದೆ, ಎಲ್ಲಿ ಬಟ್ಟೆ ಎರಡು ಪದರ ಬೇಕು, ಒಳಗೆ ಹತ್ತಿಯ ಮೆತ್ತೆ ಇಡಲು ಎಷ್ಟು ದೊಡ್ಡ ಜೇಬು ಬೇಕು, ಎಲ್ಲವನ್ನೂ ಅವರು ಮಕ್ಕಳಿಗೆ ಉಕ್ತಲೇಖನ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳಿದರು. ನಾನು ಅವರ ಮೇಜಿನ ಮೇಲಿದ್ದ ಶಾಲೆಯ ಹಾಳೆಯೊಂದರಲ್ಲಿ ಬರೆದೆ. "ಓದು," ಅಂದರು. ಓದಿದೆ. "ದೊಡ್ಡ ದನೀಲೆ ಓದು." ಮತ್ತೆ ಓದಿದೆ. ಆಮೇಲೆ ಅವರು ಚಹಾ ಮಾಡಲು ಒಳಗೆ ಹೋದರು. ನನಗೆ ಮಾತ್ರ ಕಣ್ಣು ಮಂಜಾಗಿ, ಬರೆದದ್ದು ಕೆಲಹೊತ್ತು ಕಾಣಲಿಲ್ಲ.

ಶನಿವಾರವಿಡೀ ಬೆಟಗೇರಿಯಲ್ಲಿ ಕೂತು ನಾಲ್ಕನ್ನೂ ಬಿಚ್ಚಿದೆ. ಉಳಿದ ಚೂರುಗಳಿಂದ ಕಂಕುಳಿಗೆ ಪಟ್ಟಿ ಕೊಟ್ಟು, ಮುಂದೆ ಹುಕ್ಕು ತಂದು, ಅಸ್ತರ ಬದಲಿಸಿ ಮೂರು ಕಾಟನ್ ಉಳಿಸಿದೆ. ರೇಷ್ಮೆ ಉಳಿಯಲಿಲ್ಲ. ಅದರ ಕೊರಳನ್ನು ಮಿಕ್ಕವಕ್ಕಿಂತ ಅಗಲವಾಗಿ, ಗಾಯ ಕಾಣುವಷ್ಟು ಕತ್ತರಿಸಿಬಿಟ್ಟಿದ್ದೆ, ಕತ್ತರಿಸಿದ್ದನ್ನು ಕೂಡಿಸುವ ಉಪಾಯ ಯಾವುದೂ ಇರಲಿಲ್ಲ. ಭಾನುವಾರ ಬಸ್ಸಿಗೆ ಹಾಕದೆ ನಾನೇ ಒಯ್ದು ಕೊಟ್ಟೆ. ಸೋಮವಾರ ಅಕ್ಕೋರು ಅದರಲ್ಲಿ ಒಂದನ್ನು ಹಾಕಿಕೊಂಡು ಡೋಣಿಗೆ ಹೋದರು.

ಆ್ಯಪನ್ನು ಬಿಟ್ಟೆನೆಂದು ಹೇಳುವ ಆಸೆಯಿತ್ತು. ಬಿಟ್ಟಿಲ್ಲ. ಎರಡು ಊರಿನ ನಡುವೆ ಬೇರೆ ದಾರಿಯಿಲ್ಲ. ಈಗ ಆಪಾ ಬರೆಯುತ್ತಾಳೆ, ಫೋಟೋ ತೆಗೆದು ಬೇರೆ ಕಳಿಸುತ್ತಾಳೆ, ಚೀಟಿಯಲ್ಲೂ ಬರೆದು ಬಟ್ಟೆಗೆ ಪಿನ್ನು ಚುಚ್ಚುತ್ತಾಳೆ. ಅಷ್ಟಾದ ಮೇಲೂ ನಾನು ಫೋನ್ ಮಾಡಿ ಎಲ್ಲವನ್ನೂ ಓದಿ ಹೇಳಿಸುತ್ತೇನೆ. ಒಂದು ಬ್ಲೌಸಿಗೆ ನಾಲ್ಕು ಸಲ ಅಳತೆ! ಅಬ್ಬಾ ಇದ್ದಿದ್ದರೆ ಇಬ್ಬರನ್ನೂ ಅಂಗಡಿಯಿಂದ ಎಬ್ಬಿಸಿ ಕಳಿಸುತ್ತಿದ್ದರು.

ಮೊನ್ನೆ ಅಕ್ಕೋರು ನೇರ ನನಗೇ ಫೋನ್ ಮಾಡಿದರು. ಆಪರೇಷನ್ ಆದ ಕಡೆಯ ಕೈ ಬಾತಿದೆ, ಎಡತೋಳು ಬಿಗಿಯಾಗುತ್ತಿದೆ, ಮುಂದಿನದಕ್ಕೆ ಒಂದೂವರೆ ಇಂಚು ಹೆಚ್ಚು ಬಿಡು ಎಂದರು. ಈಗಲೇ ಬರೆದುಕೊಳ್ಳುತ್ತೇನೆಂದು ಆ್ಯಪ್ ತೆರೆದೆ. ಹೊಸ ಆವೃತ್ತಿ ಬಂದಿದೆ, ಅದನ್ನು ಹಾಕಿಕೊಳ್ಳದೆ ಒಳಗೆ ಬಿಡುವುದಿಲ್ಲ ಎಂದಿತು. ಹಾಕಿಕೊಳ್ಳಲು ಫೋನಿನಲ್ಲಿ ಜಾಗವಿರಲಿಲ್ಲ.

"ಬರಕೊಂಡ್ಯಾ?" ಅಕ್ಕೋರು ಕೇಳಿದರು.

"ಒಂದ್ ನಿಮಿಷ ತಡೀರಿ ಅಕ್ಕೋರ," ಎಂದು ಚಾಕ್ ಹುಡುಕಿ, ಕತ್ತರಿಸುವ ಮೇಜಿನ ಮೇಲೆಯೇ ದೊಡ್ಡದಾಗಿ ಬರೆದೆ.