ದೂರದ ಲೆನ್ಸೂ ನನ್ನ ಕೆಮ್ಮೂ

ಈ ವಯಸ್ಸಿನಲ್ಲಿ ಸುಳ್ಳು ಹೇಳಿದರೆ ಅದನ್ನು ಒಪ್ಪಿಕೊಳ್ಳಲು ಹೆಚ್ಚು ಕಾಲ ಉಳಿದಿರುವುದಿಲ್ಲ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ದೂರದ್ದನ್ನು ಹತ್ತಿರ ತೋರಿಸುವ ಉದ್ದನೆಯ ಜೂಮ್ ಲೆನ್ಸೊಂದನ್ನು ಹಕ್ಕಿಗಳಿಗಾಗಿ ಕೊಂಡೆನೆಂದು ಹುಮನಾಬಾದಿನ ಅರ್ಧ ಬಜಾರಿಗೆ ಹೇಳಿದ್ದೇನೆ. ಹಕ್ಕಿಗಾಗಿ ಅಲ್ಲ. ನನ್ನ ಹೆಂಡತಿ ಸುಶೀಲಾಬಾಯಿ ನಗುತ್ತಿರುವ ಒಂದು ಫೋಟೊ ನನಗೆ ಬೇಕಾಗಿತ್ತು.

ಅದಕ್ಕೆ ಅಂಥ ಲೆನ್ಸೇಕೆ ಎಂದು ನೀವು ಕೇಳಬಹುದು. ನಮ್ಮ ಕಡೆ ಮನೆಯ ಹಿರಿಯ ಗಂಡಸು ಹೊಸ್ತಿಲು ದಾಟುವ ಮುಂಚೆ ಒಮ್ಮೆ ಕೆಮ್ಮುತ್ತಾನೆ. ಒಳಗಿನ ಹೆಣ್ಣುಮಕ್ಕಳು ತಲೆ ಮೇಲೆ ಸೆರಗೆಳೆದುಕೊಂಡು ಮಾತು ನಿಲ್ಲಿಸಲಿ ಎಂದು. ನಮ್ಮಪ್ಪ ಕೆಮ್ಮುತ್ತಿದ್ದ, ನಾನೂ ಕಲಿತೆ. ಕಾಳಿನ ಅಂಗಡಿ ಮುಚ್ಚಿ ಬಂದಾಗಲೆಲ್ಲ ಒಳಗಿನಿಂದ ನಗು ಕೇಳುತ್ತಿತ್ತು, ನಾನು ಕೆಮ್ಮುತ್ತಿದ್ದೆ, ನಗು ನಿಲ್ಲುತ್ತಿತ್ತು. ಅದನ್ನು ಮರ್ಯಾದೆ ಎಂದುಕೊಂಡು ಉಣ್ಣಲು ಕೂರುತ್ತಿದ್ದೆ. ಹೀಗೆ ಸಂಸಾರದ ಉದ್ದಕ್ಕೂ ಅವಳ ನಗು ನಿಲ್ಲುವುದನ್ನು ಕೇಳಿದ್ದೇನೆಯೇ ಹೊರತು ಅವಳು ನಗುವುದನ್ನು ನೋಡಿಲ್ಲ. ಅಂಗಡಿ ಬಿಟ್ಟು ಮನೆಯಲ್ಲಿ ಕೂತು, ಮಗಳು ಕೊಟ್ಟ ಹಳೆಯ ಕ್ಯಾಮೆರಾದಲ್ಲಿ ಕಂಡದ್ದನ್ನೆಲ್ಲ ತೆಗೆಯತೊಡಗಿದಾಗ ಇದು ಹೊಳೆಯಿತು. ಹೊಳೆದದ್ದು ಸುಖ ಕೊಡಲಿಲ್ಲ.

ಬಸವಕಲ್ಯಾಣದ ಬಸ್ಸು ಹತ್ತಿದೆ. ಅಲ್ಲೊಬ್ಬ ಸ್ಟುಡಿಯೊದವನು ಬಳಸಿದ ಲೆನ್ಸುಗಳನ್ನೂ ಮಾರುತ್ತಾನೆ. ನನ್ನ ಕೈಗೆಟುಕುವಂಥವು ಎರಡಿದ್ದವು: ಒಂದು ಎಪ್ಪತ್ತರಿಂದ ಮುನ್ನೂರು ಮಿಲಿಮೀಟರಿನವರೆಗೆ ಎಳೆಯುವಂಥದು, ಇನ್ನೊಂದು ಐವತ್ತೈದರಿಂದ ಇನ್ನೂರೈವತ್ತು. ವ್ಯಾಪಾರಿಯ ಬುದ್ಧಿ, ದೊಡ್ಡ ಅಂಕಿಗೇ ಕೈ ಹಾಕಿದೆ.

"ಯಾ ಹಕ್ಕಿ ತೆಗೀತೀರಿ ಕಾಕಾ?" ಎಂದ ಸ್ಟುಡಿಯೊದವನು.

"ಗುಬ್ಬಿ." ಬೇರೆ ಹೆಸರು ಬಾಯಿಗೆ ಬರಲಿಲ್ಲ.

"ಗುಬ್ಬಿಗಿ ಮುನ್ನೂರಾ? ಎಷ್ಟು ದೂರ ಕೂಡ್ತದ್ರಿ?"

"ಓಣಿ ಆಚಿ ಮಾಳಗಿ ಮ್ಯಾಲ."

"ಹತ್ರ ಹೋದ್ರ ಹಾರ್ತದೇನು?"

"ಹಾರಂಗಿಲ್ಲೋ ತಮ್ಮಾ. ಸುಮ್ಮನಾಗ್ತದ."

ಅವನು ನನ್ನನ್ನೇ ನೋಡಿ, ಕೈ ಚಾಚಲು ಹೇಳಿದ. ಚಾಚಿದೆ. "ನಡಗಾಕತ್ತದ ನೋಡ್ರಿ. ಈ ಮುನ್ನೂರರಾಗ ಕೈ ನಡುಕ ತಡಿಯೋ ವ್ಯವಸ್ಥಾ ಇಲ್ಲ. ನಿಮ್ಮ ಒಂದು ಗುಬ್ಬಿ ನಾಕು ಗುಬ್ಬಿ ಆಗ್ತಾವ. ಸಣ್ಣದ್ರಾಗ ಅದ, ಅದನ್ನ ಒಯ್ರಿ. ಬಿಸಲಾಗ ತೆಗೀರಿ ಮತ್ತ, ಕತ್ತಲಾದ್ರ ಅಗ್ಗದ ಲೆನ್ಸಿಗಿ ಕಣ್ಣು ಕಾಣಂಗಿಲ್ಲ."

ಹತ್ತನೆಯ ಇಯತ್ತೆಯಲ್ಲಿ ಮಾಸ್ತರರು ಭೂತಗನ್ನಡಿಯಿಂದ ಕಾಗದ ಸುಟ್ಟು ತೋರಿಸಿದ್ದೇ ಗಾಜಿನ ವಿಷಯದಲ್ಲಿ ನನ್ನ ಒಟ್ಟು ವಿದ್ಯೆ. ಆದರೂ ಮರಳುವ ಬಸ್ಸಿನಲ್ಲಿ ಯೋಚಿಸಿದೆ. ನಡುವಯಸ್ಸು ದಾಟಿದರೆ ಕಣ್ಣಿಗೆ ಚಾಳೀಸು ಬರುತ್ತದೆ; ದೂರದ ಬೋರ್ಡು ಓದುತ್ತೇವೆ, ಕೈಯಲ್ಲಿರುವ ಪಂಚಾಂಗ ಕಾಣುವುದಿಲ್ಲ. ಅದಕ್ಕೆ ಕನ್ನಡಕವಿದೆ. ತಾರುಣ್ಯದಲ್ಲೇ ಮನೆಯೊಳಗಿನವರು ಕಾಣದ ಚಾಳೀಸು ಹತ್ತಿದವನಿಗೆ ಯಾವ ಕನ್ನಡಕ ಕೊಡುತ್ತಾರೆ? ಆ ಸ್ಟುಡಿಯೊದವನ ಹೊಟ್ಟೆ ತಣ್ಣಗಿರಲಿ, ಹೇಳದೆಯೇ ನನ್ನ ರೋಗ ತಿಳಿದು ನಂಬರು ಕೊಟ್ಟ.

ಬೇಸಿಗೆಯಾಗಿತ್ತು. ಓಣಿಯಾಚೆಯ ಇಂದುಬಾಯಿಯ ಮಾಳಿಗೆ ಮೇಲೆ ಹೆಂಗಸರು ಶಾವಿಗೆ ಒಣಹಾಕುತ್ತಿದ್ದರು, ನನ್ನವಳೂ ಅಲ್ಲೇ. ಬಿಸಿಲು ಭರ್ತಿ. ನಗುವಿನ ಸದ್ದು ನಮ್ಮ ಅಂಗಳದವರೆಗೆ ಬರುತ್ತಿತ್ತು. ಲೆನ್ಸು ಸಿಗಿಸಿಕೊಂಡು, ಚಪ್ಪಲಿ ಕೆಳಗೇ ಬಿಟ್ಟು, ಕಳ್ಳನಂತೆ ನಮ್ಮ ಮಾಳಿಗೆಯ ಮೆಟ್ಟಿಲೇರಿದೆ. ಕೊನೆಯ ಮೆಟ್ಟಿಲ ಮೇಲೆ ನಿಂತು ಕೆಮ್ಮಿದೆ.

ಬೇಕೆಂದು ಕೆಮ್ಮಲಿಲ್ಲ. ಜನ್ಮವೆಲ್ಲ ಬಾಗಿಲಲ್ಲಿ ಕೆಮ್ಮಿದ ಗಂಟಲು ಕೇಳಬೇಕಲ್ಲ. ಆಚೆ ಮಾಳಿಗೆ ಮೇಲೆ ಸೆರಗುಗಳೆಲ್ಲ ಒಮ್ಮೆಗೇ ತಲೆಗೇರಿದವು. ಇನ್ನೂರೈವತ್ತಕ್ಕೆ ಎಳೆದು ನೋಡಿದರೆ ಸುಶೀಲಾಬಾಯಿಯ ಮುಖ ಕೈಗೆ ಸಿಗುವಷ್ಟು ಹತ್ತಿರ. ತುಟಿ ಮಾತ್ರ ಮುಚ್ಚಿತ್ತು.

"ವೈನಿ, ನಿಮ್ಮ ಸಾಹುಕಾರ್ರು ಬಂದೂಕು ಹಿಡ್ದು ನಿಂತಾರ ನೋಡ್ರಿ," ಎಂದಳು ಇಂದುಬಾಯಿ.

ಸುಶೀಲಾಬಾಯಿ ಇಳಿದು ಮನೆಗೆ ಬಂದಳು. "ಏನ್ರಿ ಇದು, ಮಂದಿ ಹೆಣ್ಮಕ್ಕಳ ಮುಂದ?"

ಹಕ್ಕಿಯ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. "ನೀ ನಗೋದು ನಾ ಎಂದೂ ನೋಡಿಲ್ಲ. ನಾ ಬಂದ್ರ ನಿಲ್ಲಸ್ತಿ. ನಿಲ್ಲಸೂವಂಗ ಮಾಡ್ದಾಂವ ನಾನೇ. ತಪ್ಪಾಯ್ತು. ಅದಕ್ಕ ದೂರದಿಂದ..." ಎಂದೆ.

ಅವಳು ಮುಖವೆತ್ತಿ ನನ್ನನ್ನೇ ನೋಡಿದಳು. ಸಿಟ್ಟೋ ದುಃಖವೋ ನನಗೆ ಗೊತ್ತಾಗಲಿಲ್ಲ. ಗೊತ್ತಾಗುವಷ್ಟು ಆ ಮುಖವನ್ನು ನಾನು ಎಂದು ಓದಿದ್ದೆ? ಆಮೇಲೆ ಕೈ ಚಾಚಿ, "ಕೊಡ್ರಿ ಇಲ್ಲಿ. ಮೊದಲ ನೀವು ನಿಂದರ್ರಿ," ಎಂದಳು. ಕ್ಯಾಮೆರಾ ಕಣ್ಣಿಗಿಟ್ಟುಕೊಂಡು, "ಬರೇ ಮೂಗು ಕಾಣಾಕತ್ತದ. ಹಿಂದ ಸರೀರಿ. ಪಾದ ಬರದಿದ್ರ ಅದೆಂಥಾ ಫೋಟೊ?" ಎಂದಳು. ಸರಿದೆ. "ಇನ್ನೂ ಸರೀರಿ." ಅಂಗಳದ ಗೋಡೆ ಬೆನ್ನಿಗೆ ತಾಗುವತನಕ ಸರಿದೆ. ಆ ಮನೆಯಲ್ಲಿ ಯಾರದಾದರೂ ಮಾತಿಗೆ ನಾನು ಹಾಗೆ ಹಿಂದೆ ಸರಿದದ್ದು ಅದೇ ಮೊದಲು.

"ಈಗ ನಗ್ರಿ."

ನಕ್ಕೆ. ನಕ್ಕೆನೆಂದೇ ನನ್ನ ತಿಳುವಳಿಕೆ.

"ನಗೋದಂದ್ರ ಹಿಂಗೇನ್ರಿ? ಅಂಗಡಿಗಿ ಉದ್ರಿ ಕೇಳಾಕ ಬಂದವ್ರನ್ನ ನೋಡಿದಂಗ ಅದ," ಎಂದವಳು ನಕ್ಕಳು ನೋಡಿ, ಸೆರಗು ಜಾರಿತು, ಹೊಸ್ತಿಲ ಮೇಲೆ ಕುಸಿದು ಕೂತು, ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. ಬಲಗಡೆ ಒಂದು ಹಲ್ಲಿಲ್ಲ. ಎಂದು ಬಿದ್ದಿತೋ, ನನಗೆ ತಿಳಿದೇ ಇಲ್ಲ. ಕ್ಯಾಮೆರಾ ಅವಳ ಕೈಯಲ್ಲಿತ್ತು. ಹಾಗಾಗಿ ಆ ನಗುವಿನ ಫೋಟೊ ಇಲ್ಲ.

ನಗುವಿನ ನಡುವೆ ಅವಳು ಗುಂಡಿ ಒತ್ತಿ ತೆಗೆದದ್ದು ಒಂದು ಬಂದಿದೆ. ಪಾದಗಳು ಚೊಕ್ಕವಾಗಿ ಬಂದಿವೆ, ಧೋತರದ ನಿರಿಗೆ ಕೂಡ ಎಣಿಸಬಹುದು. ಕತ್ತಿನಿಂದ ಮೇಲೆ ಏನೂ ಇಲ್ಲ. ದೊಡ್ಡದು ಮಾಡಿಸಲು ಒಯ್ದಾಗ ಸ್ಟುಡಿಯೊದವನು, "ಕಾಕಾ, ಇದ್ರಾಗ ತಲಿನೇ ಇಲ್ಲಲ್ರಿ," ಎಂದ.

"ಇರ್ಲಿ, ಕಟ್ಟು ಹಾಕು," ಎಂದೆ. ತಲೆಯಿರುವ ನನ್ನ ಫೋಟೊಗಳು ಮನೆಯಲ್ಲಿ ಬೇಕಾದಷ್ಟಿವೆ. ಅವನ್ನು ನೋಡಿ ಈವರೆಗೆ ಯಾರೂ ನಕ್ಕಿಲ್ಲ.