ಎಲ್ಲ ಹಕಾರಗಳೂ ಸರಿಯಿದ್ದ ಉತ್ತರಪತ್ರಿಕೆ

1997ರಲ್ಲಿ ನಾನು ತಿ. ನರಸೀಪುರ ತಾಲ್ಲೂಕಿನಲ್ಲಿ ಶಾಲಾ ಇನ್ಸ್‌ಪೆಕ್ಟರ್ ಆಗಿದ್ದೆ. ಅದಕ್ಕೆ ಮೊದಲು ಹನ್ನೊಂದು ವರ್ಷ ನಂಜನಗೂಡಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವನು. ಸಂಶಯ ನನ್ನ ಹುಟ್ಟುಗುಣ. ಹೆಂಡತಿ ಕಾಫಿ ತಂದುಕೊಟ್ಟರೂ ನಿನ್ನೆಯ ಡಿಕಾಕ್ಷನ್ ಇರಬಹುದೇ ಎಂದು ಮೊದಲು ಮೂಸಿ ನೋಡುತ್ತಿದ್ದೆ. ಇಂಥವನಿಗೆ ಇಲಾಖೆ ಒಪ್ಪಿಸಿದ್ದು ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆಯಲ್ಲಿ ಕಾಪಿ ಹಿಡಿಯುವ ಕೆಲಸ. ನಾನು ಅನುಮಾನಪಟ್ಟು ಪಕ್ಕಕ್ಕಿಟ್ಟ ಪತ್ರಿಕೆಯ ಫಲಿತಾಂಶ ತನಿಖೆ ಮುಗಿಯುವವರೆಗೆ ಹೊರಬರುತ್ತಿರಲಿಲ್ಲ.

ಏಪ್ರಿಲ್ ಮೊದಲ ವಾರ ಹೊಳೆಯಾಚೆಯ ಒಂದು ಹಳ್ಳಿಶಾಲೆಯ ಕನ್ನಡ ಪತ್ರಿಕೆಗಳ ಕಟ್ಟು ಬಿಚ್ಚಿದೆ. ನಮ್ಮ ಕಡೆಯ ಮಾತಿನಲ್ಲಿ ಹಕಾರ ನಿಲ್ಲುವುದಿಲ್ಲ. ಮಕ್ಕಳು ಆಡಿದ್ದನ್ನೇ ಬರೆಯುತ್ತಾರೆ. ಹಳ್ಳಿ ಅಳ್ಳಿಯಾಗುತ್ತದೆ, ಹಕ್ಕಿ ಅಕ್ಕಿಯಾಗುತ್ತದೆ. ಆ ಕಟ್ಟಿನಲ್ಲೂ ಪುಟಪುಟಕ್ಕೂ ‘ಅಕ್ಕಿ ಆರಿತು.’ ನಾನೂ ಅದೇ ಸೀಮೆಯವನಾದ್ದರಿಂದ ನಗುತ್ತಾ ಪುಟ ತಿರುವುತ್ತಿದ್ದೆ. ಒಂದು ಪತ್ರಿಕೆಯಲ್ಲಿ ಮಾತ್ರ ಕೈ ನಿಂತಿತು. ಅದರಲ್ಲಿ ಒಂದೇ ಒಂದು ಹಕಾರವೂ ತಪ್ಪಿರಲಿಲ್ಲ.

ತಪ್ಪಿಲ್ಲದಿದ್ದದ್ದೇ ನನಗೆ ತಪ್ಪಾಗಿ ಕಂಡಿತು. ಹಳ್ಳಿಯ ಮಗು ಹೀಗೆ ಬರೆಯುವುದುಂಟೇ? ಇದು ಮೇಷ್ಟ್ರ ಕೈಚಳಕವೇ ಸರಿ ಎಂದುಕೊಂಡೆ. ನಂಬರ್ ಹಿಡಿದು ಹುಡುಕಿದಾಗ ನಾಗರತ್ನ ಎಂಬ ಹುಡುಗಿಯ ಹೆಸರು ಸಿಕ್ಕಿತು. ಆರೋಪ ರುಜುವಾತಾದರೆ ಹೆಡ್‌ಮಾಸ್ಟರ್ ಪುಟ್ಟಸ್ವಾಮಿ ಸಸ್ಪೆಂಡ್ ಆಗುತ್ತಿದ್ದರು, ಹುಡುಗಿಯ ಓದು ಅಲ್ಲಿಗೇ ನಿಲ್ಲುತ್ತಿತ್ತು. ಏಳನೇ ತರಗತಿಯಲ್ಲಿ ನಪಾಸಾದ ಹೆಣ್ಣುಮಗಳನ್ನು ಮತ್ತೆ ಪರೀಕ್ಷೆಗೆ ಕೂರಿಸುವ ಮನೆಗಳು ಆಗ ಕಡಿಮೆ.

ಬೇಸಿಗೆ ರಜೆಗೆ ಇನ್ನೆರಡು ದಿನವಿರುವಾಗ ಹೇಳದೆ ಕೇಳದೆ ಶಾಲೆಗೆ ಹೋದೆ. ಪುಟ್ಟಸ್ವಾಮಿ ಬೆವರೊರೆಸಿಕೊಳ್ಳುತ್ತಾ ಎದ್ದು ನಿಂತರು. ಆ ಬೆವರೂ ನನಗೆ ಸಾಕ್ಷಿಯಾಗಿ ಕಂಡಿತು. ನಾಗರತ್ನಳನ್ನು ಕರೆಸಿದೆ. ಎಣ್ಣೆ ಹಾಕಿ ಬಿಗಿಯಾಗಿ ಜಡೆ ಹೆಣೆದಿದ್ದ, ಸಣಕಲು ಹುಡುಗಿ. ಹೆಸರೇನೆಂದು ಕೇಳಿದಾಗ ಹೇಳಿದಳು. ಆಮೇಲೆ ಪತ್ರಿಕೆಯ ಮೇಲೆ ಕಣ್ಣಿಟ್ಟುಕೊಂಡೇ ಮೂರು ಪ್ರಶ್ನೆ ಕೇಳಿದೆ. ಒಂದಕ್ಕೂ ಉತ್ತರವಿಲ್ಲ. ತಲೆಯೆತ್ತಿದರೆ ನನ್ನ ಮುಖವನ್ನೇ ದಿಟ್ಟಿಸುತ್ತಿದ್ದಳು. ಎಂಥ ಮೊಂಡು ಹುಡುಗಿ ಎಂದು ಸಿಟ್ಟು ಬಂತು.

“ಅವ್ಳು ಮಾತು ಕಮ್ಮಿ ಸಾ. ಬರ್ದಿರೋದು ಅವ್ಳೇಯ, ನನ್ನಾಣೆ” ಎಂದರು ಪುಟ್ಟಸ್ವಾಮಿ.

“ಆಣೆ ಪ್ರಮಾಣ ಬೇಡ ಮೇಷ್ಟ್ರೇ, ಬರೆಸೇ ನೋಡೋಣ” ಎಂದೆ.

ಉಕ್ತಲೇಖನ ಕೊಡುವುದರಲ್ಲಿ ನನ್ನದೊಂದು ಪದ್ಧತಿಯಿತ್ತು. ಮಕ್ಕಳ ಬೆನ್ನ ಹಿಂದೆ ಅತ್ತಿಂದಿತ್ತ ಓಡಾಡುತ್ತಾ ಹೇಳುತ್ತಿದ್ದೆ. ಯಾರು ಯಾರ ಸ್ಲೇಟು ಇಣುಕುತ್ತಾರೆ ಎಂಬುದು ಹಾಗೆ ಗೊತ್ತಾಗುತ್ತಿತ್ತು. ಆವತ್ತೂ ನಾಗರತ್ನಳನ್ನು ಅವಳ ತರಗತಿಯ ಮಕ್ಕಳ ನಡುವೆ ಕೂರಿಸಿ ಹಾಗೆಯೇ ಐದು ವಾಕ್ಯ ಹೇಳಿದೆ. ಉಳಿದ ಮಕ್ಕಳು ‘ಅಕ್ಕಿ ಆರಿತು’ ಎಂದು ಬರೆದರು. ನಾಗರತ್ನಳ ಸ್ಲೇಟು ಖಾಲಿ. ಕಳ್ಳ ಸಿಕ್ಕಿಬಿದ್ದ ಎಂದು ನನಗೆ ಒಳಗೊಳಗೇ ಖುಷಿಯಾಯಿತು. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಪುಟ್ಟಸ್ವಾಮಿ ಮೆಲ್ಲಗೆ, “ಒಂದ್ಸಲ ಮುಂದೆ ನಿಂತ್ಕಂಡು ಏಳಿ ಸಾ” ಎಂದರು.

ಹುಡುಗಿಗೆ ಸನ್ನೆ ಮಾಡುವ ಹುನ್ನಾರವೆಂದು ನಾನು ಅವರನ್ನೇ ಆಚೆ ಕಳಿಸಿ ಬಾಗಿಲು ಹಾಕಿದೆ. ಆಮೇಲೆ ಮುಂದೆ ನಿಂತು “ಹಕ್ಕಿ ಹಾರಿತು” ಎಂದೆ. ಬರೆದಳು, ಎರಡೂ ಹಕಾರ ಸರಿಯಾಗಿಯೇ. ಬಿಡಿ ಪದಗಳನ್ನು ಕೊಟ್ಟೆ. ‘ಮಳೆ’ ಎಂದರೆ ‘ಬಳೆ’ ಎಂದು ಬರೆದಳು. ‘ಮರ’ ಎಂದರೆ ‘ಬರ.’ ಕನ್ನಡ ಮೇಷ್ಟ್ರಾಗಿ ನಾನು ಕಂಡಿದ್ದ ತಪ್ಪುಗಳಲ್ಲಿ ಇಂಥದ್ದು ಇರಲಿಲ್ಲ. ಕಿವಿಯಿದ್ದವರು ಮಳೆಯನ್ನು ಬಳೆ ಎನ್ನುವುದಿಲ್ಲ. ಆಡಿ ನೋಡಿದೆ, ಮಕಾರಕ್ಕೂ ಬಕಾರಕ್ಕೂ ತುಟಿ ಒಂದೇ ಥರ ಕೂಡುತ್ತದೆ. ಪುಸ್ತಕವನ್ನು ಬಾಯಿಗೆ ಅಡ್ಡ ಹಿಡಿದು ಜೋರಾಗಿ “ಮನೆ” ಎಂದೆ. ಹುಡುಗಿ ಬಳಪ ಎತ್ತಲೇ ಇಲ್ಲ, ಪುಸ್ತಕ ಕೆಳಗಿಳಿಯಲೆಂದು ಕಾಯುತ್ತಾ ಕೂತಳು.

ಪುಸ್ತಕ ಕೆಳಗಿಟ್ಟೆ. ಇವಳಿಗೆ ಕಿವಿ ಕೇಳಿಸುತ್ತಿರಲಿಲ್ಲ. ಇವಳು ಅಕ್ಷರಗಳನ್ನು ಕಿವಿಯಿಂದ ಕಲಿತವಳೇ ಅಲ್ಲ. ಉಳಿದ ಮಕ್ಕಳು ಕೇಳಿದ್ದನ್ನು ಬರೆದರು, ಇವಳು ಪುಸ್ತಕದಲ್ಲಿ ಕಂಡದ್ದನ್ನು ಬರೆದಳು. ಪುಸ್ತಕದಲ್ಲಿ ಹಕಾರ ಬಿದ್ದುಹೋಗಿರುವುದಿಲ್ಲವಲ್ಲ.

ಯಾರೋ ಓಡಿಹೋಗಿ ತಾಯಿ ಮಾದಮ್ಮನನ್ನು ಕೂಲಿ ಕೆಲಸದಿಂದ ಕರೆತಂದರು. ಆಕೆ ಬಂದವಳೇ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಎಸ್ರು ಒಡ್ದಾಕಕ್ ಬಂದಿದ್ದೀರಾ ಸಾ?”

“ಇಲ್ಲಮ್ಮ. ಮಗಳಿಗೆ ಕಿವಿ ಕೇಳಿಸೋದಿಲ್ಲ ಅಂತ ಯಾಕೆ ಹೇಳಲಿಲ್ಲ?”

“ಏಳುದ್ರೆ ಇಸ್ಕೂಲ್ಗೆ ಸೇರುಸ್ಕತಿದ್ರಾ? ಕೆಪ್ಪಿ ಅಂತ ಮನೇಲ್ ಕೂರ್ಸಿ ಅಂತಿದ್ರು. ಐದ್ ವರ್ಸ ತುಂಬ್ದಾಗ ಜರ ಬಂದು ಇಂಗಾಯ್ತು. ನಿಮ್ ದಮ್ಮಯ್ಯ, ಯಾರ್ಗೂ ಏಳ್ಬೇಡಿ.”

ಪುಟ್ಟಸ್ವಾಮಿಗೆ ಎರಡು ವರ್ಷದಿಂದ ವಿಷಯ ಗೊತ್ತಿತ್ತು. ತಾಯಿಗೆ ಮಾತು ಕೊಟ್ಟಿದ್ದರಿಂದ ಬಾಯಿ ಬಿಟ್ಟಿರಲಿಲ್ಲ. ಹುಡುಗಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಪಾಠವನ್ನೆಲ್ಲ ಬೋರ್ಡಿನ ಮೇಲೆ ಬರೆದೇ ಕಲಿಸಿದ್ದರು. ಸಸ್ಪೆಂಡ್ ಮಾಡಿಸಲು ಹೋಗಿದ್ದವನು ಅವರಿಗೆ ಕೈಮುಗಿದು ಬಂದೆ. ವರದಿಯಲ್ಲಿ “ಶಂಕೆಗೆ ಆಧಾರವಿಲ್ಲ” ಎಂದಷ್ಟೇ ಬರೆದೆ. ಮಾದಮ್ಮನ ಮಾತು ಉಳಿಸಿದೆನೆಂಬ ಹೆಮ್ಮೆಯೂ ಇತ್ತು. ನಾಗರತ್ನ ಪಾಸಾದಳು.

ಜುಲೈನಲ್ಲಿ ಅವಳು ಸೇರಿದ್ದ ಹೈಸ್ಕೂಲಿನಿಂದ ನಮ್ಮ ಕಚೇರಿಗೊಂದು ಕಾಗದ ಬಂತು. ‘ಈ ವಿದ್ಯಾರ್ಥಿನಿ ಯಾವ ಪ್ರಶ್ನೆಗೂ ಉತ್ತರಿಸುವುದಿಲ್ಲ. ಏಳನೇ ತರಗತಿಯ ಪರೀಕ್ಷೆಯನ್ನು ಈಕೆಯ ಬದಲು ಬೇರೆಯವರು ಬರೆದಿರುವ ಅನುಮಾನವಿದೆ. ತನಿಖೆ ಮಾಡಬೇಕು.’ ನಾನೇ ಬರೆದ ಹಾಗಿತ್ತು. ವಿಚಾರಿಸಿದರೆ, ಅವಳನ್ನು ಕೊನೆಯ ಬೆಂಚಿಗೆ ಕಳಿಸಿದ್ದರು. ಶಾಲೆ ಬಿಡಿಸಿಬಿಡಿ ಎಂದು ತಾಯಿಗೂ ಹೇಳಿಯಾಗಿತ್ತು.

ಮಾದಮ್ಮನ ಮನೆಗೆ ಹೋದೆ. ಜಗಲಿಯ ಮೇಲೆ ಕೂತಿದ್ದವಳು ಏಳಲಿಲ್ಲ.

“ಯಾರ್ಗೂ ಏಳ್ಬೇಡಿ ಅಂದೆ ನಿಜ ಸಾ. ನಾನು ಓದ್ದೋಳಲ್ಲ. ನೀವ್ ಓದಿದ್ರಲ್ಲ?” ಎಂದಳು.

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಮಗುವನ್ನು ಪಾಸು ಮಾಡಿ ಮುಂದಕ್ಕೆ ದಾಟಿಸಿದ್ದೆ, ಅದಕ್ಕೆ ಕಲಿಸುವ ಬಗೆಯನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಆಕೆಯ ಒಪ್ಪಿಗೆ ಪಡೆದು, ಆಕೆಯನ್ನೂ ಕರೆದುಕೊಂಡು ಹೈಸ್ಕೂಲಿಗೆ ಹೋದೆ. ಮೇಷ್ಟ್ರುಗಳನ್ನು ಕೂರಿಸಿ ಏಪ್ರಿಲ್‌ನಲ್ಲಿ ನಾನು ಮಾಡಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಮುಂದಿನ ಬೆಂಚು ಕೊಡಿ, ಮುಖ ತೋರಿಸಿ ಮಾತಾಡಿ, ಬೋರ್ಡಿಗೆ ತಿರುಗಿಕೊಂಡು ಪಾಠ ಹೇಳಬೇಡಿ ಎಂದೆ. ಅದನ್ನೇ ಬರೆದು ಅವಳ ದಾಖಲೆಗೆ ಸೇರಿಸಿ ಸಹಿ ಹಾಕಿದೆ.

ಆವತ್ತು ಗಣಿತದ ಮೇಷ್ಟ್ರು ಪಾಠ ಮಾಡುವುದನ್ನು ಕಿಟಕಿಯಾಚೆ ನಿಂತು ನಾವಿಬ್ಬರೂ ನೋಡಿದೆವು. ಅಭ್ಯಾಸಬಲದಿಂದ ಅವರು ಬೋರ್ಡಿನ ಕಡೆ ತಿರುಗಿಯೇ ಲೆಕ್ಕ ವಿವರಿಸುತ್ತಿದ್ದರು. ನಾಗರತ್ನ ಕೈ ಎತ್ತಿದಳು. ಮೇಷ್ಟ್ರು ತಿರುಗಿ, ನಾಲಿಗೆ ಕಚ್ಚಿಕೊಂಡು, ಮೊದಲಿಂದ ಹೇಳತೊಡಗಿದರು. ಮಾದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಿವೃತ್ತನಾಗುವವರೆಗೆ ಸಾವಿರಾರು ಉತ್ತರಪತ್ರಿಕೆ ನೋಡಿದ್ದೇನೆ, ಸಂಶಯವಂತೂ ಇವತ್ತಿಗೂ ಹೋಗಿಲ್ಲ. ಆದರೆ ಆ ವರ್ಷದವರೆಗೆ ನನಗೆ ಗೊತ್ತಿದ್ದ ಪ್ರಶ್ನೆ ಒಂದೇ: ‘ಇದನ್ನು ಬರೆದವರು ಯಾರು?’ ‘ನೀನು ಹೇಗೆ ಕಲಿತೆ ಮಗು?’ ಎಂದು ಕೇಳುವುದನ್ನು ನಾನು ಕಲಿತದ್ದು ನಾಗರತ್ನಳಿಂದ.